ಬಂಡೆಯನ್ನು ತಬ್ಬಿಕೊಂಡವರು

“ಯಾಕಮ್ಮ, ಬಂಡೇನ ಹಂಗೆ ತಬ್ಕಂಡಿದ್ದೀಯ? ನೆಟ್ಟುಗೆ ನಿಂತ್ಕ. ಕಾಲು ಜಾರಲ್ಲ.”

ಯಲಹಂಕದಿಂದ ಬಳ್ಳಾರಿ ರಸ್ತೆ ಹಿಡಿದು, ದೇವನಹಳ್ಳಿ ದಾಟಿ ಇನ್ನಷ್ಟು ಮುಂದೆ ಹೋದರೆ ಆವತಿ ಸಿಗುತ್ತದೆ. ಕೆಂಪೇಗೌಡರ ವಂಶದವರ ಮೂಲ ಊರು ಎಂದು ಇತಿಹಾಸದ ಪುಸ್ತಕಗಳಲ್ಲಿ ಓದಿದ ಅದೇ ಆವತಿ. ಅಲ್ಲಿನ ಬೆಟ್ಟದ ಬುಡದ ಹಾಸುಬಂಡೆಗೆ ನಾನು ಅಂಟಿಕೊಂಡಿದ್ದಾಗ ಕಿವಿಗೆ ಬಿದ್ದ ಮಾತು ಇದು. ಹೇಳಿದವರು ಮೇಕೆ ಹೊಡೆದುಕೊಂಡು ಬಂದಿದ್ದ ಒಬ್ಬ ಹೆಂಗಸು. ಕಾಲಲ್ಲಿ ಚಪ್ಪಲಿ ಇಲ್ಲ, ಒಂದು ಕೈಯಲ್ಲಿ ಕೋಲು, ಇನ್ನೊಂದು ಕೈ ಸೊಂಟದ ಮೇಲೆ. ನಾನು ಎರಡು ಅಂಗೈ, ಎರಡು ಮಂಡಿ, ಒಂದು ಕೆನ್ನೆ ಎಲ್ಲವನ್ನೂ ಕಲ್ಲಿಗೆ ಒತ್ತಿಕೊಂಡು ಏದುಸಿರು ಬಿಡುತ್ತಿದ್ದ ಜಾಗದಲ್ಲಿ ಅವರು ಹೊಲದ ಬದುವಿನ ಮೇಲೆ ನಡೆದಂತೆ ನಡೆದು ಹೋದರು. ನನ್ನ ಕಾಲಲ್ಲಿ ಬಂಡೆ ಹತ್ತುವುದಕ್ಕೆಂದೇ ಮಾಡಿದ, ಕಲ್ಲಿಗೆ ಕಚ್ಚುವ ರಬ್ಬರ್ ಅಟ್ಟೆಯ ಬೂಟು ಇತ್ತು. ಅದಕ್ಕೂ ಮುಂಚೆ ನಾಲ್ಕು ತಿಂಗಳು, ವಾರಕ್ಕೆ ಎರಡು ಸಂಜೆ, ಜಿಮ್ಮಿನ ಗೋಡೆ ಹತ್ತಿ ಅಭ್ಯಾಸ ಮಾಡಿದ್ದೆ.

ಆ ಅಭ್ಯಾಸ ನನಗೆ ಏನು ಕೊಟ್ಟಿತು, ಏನು ಕೊಡಲಿಲ್ಲ ಎಂಬ ಲೆಕ್ಕ ಅಂದಿನಿಂದ ತಲೆಯಲ್ಲಿ ಓಡುತ್ತಲೇ ಇದೆ. ಹೆಬ್ಬಾಳ, ಯಲಹಂಕ, ಆರ್.ಟಿ. ನಗರದ ಕಡೆಯ ಹುಡುಗ ಹುಡುಗಿಯರು, ನನ್ನಂಥ ನಡುವಯಸ್ಸಿನವರು ಈಗ ದೊಡ್ಡ ಸಂಖ್ಯೆಯಲ್ಲಿ ಬಂಡೆ ಹತ್ತಲು ಕಲಿಯುತ್ತಿದ್ದಾರೆ. ಕೆಲವರು ಜಿಮ್ಮಿನಲ್ಲಿ, ಕೆಲವರು ಭಾನುವಾರದ ಅರ್ಧ ದಿನದ ಶಿಬಿರದಲ್ಲಿ. ಇವರಿಗೆ ಮೊದಲ ಪಾಠವಾಗಿ ಏನನ್ನು ಕಲಿಸಲಾಗುತ್ತಿದೆ? ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ: ನಾವು ತುದಿಯಿಂದ ಶುರು ಮಾಡುತ್ತಿದ್ದೇವೆ, ಬುಡದಿಂದ ಅಲ್ಲ. ಕೈಗೆ ಹೇಳಿಕೊಡುತ್ತಿದ್ದೇವೆ, ಕಾಲಿಗೆ ಅಲ್ಲ.

ಆ ಹೆಂಗಸಿನ ಮಾತನ್ನೇ ತೆಗೆದುಕೊಳ್ಳಿ. ಇಳಿಜಾರಿನ ಬಂಡೆಯ ಮೇಲೆ ನಮ್ಮನ್ನು ತಡೆದು ನಿಲ್ಲಿಸುವುದು ಘರ್ಷಣೆ ಒಂದೇ. ಅಟ್ಟೆ ಕಲ್ಲನ್ನು ಎಷ್ಟು ಬಲವಾಗಿ ಒತ್ತುತ್ತದೋ ಹಿಡಿತ ಅಷ್ಟು ಗಟ್ಟಿ. ಹೆದರಿದ ಮೈ ಬಂಡೆಯ ಮೇಲೆ ಕವುಚಿಕೊಂಡಿತೋ, ಭಾರ ಕೈಗೂ ಎದೆಗೂ ಹಂಚಿಹೋಗಿ ಪಾದದ ಮೇಲಿನ ಒತ್ತಡ ತಗ್ಗುತ್ತದೆ, ಪಾದ ಹಿಂದಕ್ಕೆ ಜಾರುತ್ತದೆ. ಜಾರಿತು ಎಂದು ಇನ್ನಷ್ಟು ಹೆದರುತ್ತೇವೆ, ಇನ್ನಷ್ಟು ತಬ್ಬುತ್ತೇವೆ, ಇನ್ನಷ್ಟು ಜಾರುತ್ತೇವೆ. ಸೊಂಟವನ್ನು ಕಲ್ಲಿನಿಂದ ದೂರ ತಂದು, ಹಿಮ್ಮಡಿ ತಗ್ಗಿಸಿ, ಪಾದದ ನೇರಕ್ಕೆ ನಿಂತುಬಿಟ್ಟರೆ ಇಡೀ ದೇಹದ ತೂಕ ಅಟ್ಟೆಯನ್ನು ಕಲ್ಲಿಗೆ ಒತ್ತಿ ಹಿಡಿಯುತ್ತದೆ. ಬೀಳಬಾರದು ಎಂದು ಮೈ ತಾನಾಗಿ ಮಾಡುವ ಕೆಲಸವೇ ಬೀಳಿಸುತ್ತದೆ, ಬೀಳುತ್ತೇನೇನೋ ಎನಿಸುವ ಭಂಗಿಯೇ ನಿಲ್ಲಿಸುತ್ತದೆ. ಈ ತಿರುವು ಮುರುವು ತಲೆಗೆ ಹತ್ತಲು ಎರಡು ನಿಮಿಷ ಸಾಕು. ಕಾಲಿಗೆ ಇಳಿಯಲು ನನಗೆ ಮೂರು ಭಾನುವಾರ ಬೇಕಾದವು.

ಜಿಮ್ಮಿನ ಬಗ್ಗೆ ಅನ್ಯಾಯದ ಮಾತು ಆಡಬಾರದು. ಟೋಕಿಯೊ ಒಲಿಂಪಿಕ್ಸ್ 2021ರಲ್ಲಿ ನಡೆದಾಗ ಈ ಆಟ ಮೊದಲ ಬಾರಿಗೆ ಅಲ್ಲಿಗೆ ಬಂತು; 2024ರ ಪ್ಯಾರಿಸ್‌ನಲ್ಲಿ ವೇಗದ ಸ್ಪರ್ಧೆಗೆ ಬೇರೆಯೇ ಪದಕ ಸಿಕ್ಕಿತು. ಟಿ.ವಿ.ಯಲ್ಲಿ ಅದನ್ನು ನೋಡಿ ಹತ್ತಬೇಕು ಎಂದು ಆಸೆಪಟ್ಟ ಹುಡುಗಿಗೆ ಬೆಟ್ಟ ದೂರ, ಮನೆಯಲ್ಲಿ ಅಪ್ಪಣೆ ಇನ್ನೂ ದೂರ. ಅವಳಿಗೆ ಜಿಮ್ಮು ಬಾಗಿಲು ತೆರೆಯಿತು. ಆಫೀಸು ಮುಗಿಸಿ ಹೆಬ್ಬಾಳದ ಮೇಲ್ಸೇತುವೆಯ ಟ್ರಾಫಿಕ್ಕಿನಲ್ಲಿ ಬೆಂದು ಬಂದವರಿಗೆ ರಾತ್ರಿ ಎಂಟಕ್ಕೂ ಗೋಡೆ ಸಿಗುತ್ತದೆ. ಮಳೆ ಬಿಸಿಲಿನ ಅಡ್ಡಿ ಇಲ್ಲ, ಕೆಳಗೆ ದಪ್ಪ ಹಾಸಿಗೆ ಇದೆ. ಗುರುತು ಪರಿಚಯ ಇಲ್ಲದವರು ಕೆಳಗೆ ನಿಂತು “ಎಡಗಾಲು, ಎಡಗಾಲು” ಎಂದು ಕೂಗಿ ಹುರಿದುಂಬಿಸುತ್ತಾರೆ. ನಲವತ್ತು ದಾಟಿದ ಮೇಲೆ ನನಗೆ ಹೊಸ ಗೆಳೆಯರು ಸಿಕ್ಕಿದ್ದು ಅಲ್ಲಿಯೇ.

ಆದರೆ ಆ ಗೋಡೆಯ ಪಾಠಕ್ಕೆ ಒಂದು ಮಿತಿ ಇದೆ, ಅದನ್ನು ಯಾರೂ ಹೇಳುವುದಿಲ್ಲ. ಅಲ್ಲಿ ಎಲ್ಲಿ ಕೈ ಇಡಬೇಕು ಎಂಬುದನ್ನು ಬಣ್ಣ ಹೇಳಿಬಿಡುತ್ತದೆ. ಹಳದಿ ಹಿಡಿಕೆ ಒಂದು ದಾರಿ, ನೀಲಿ ಇನ್ನೊಂದು. ಪ್ಲಾಸ್ಟಿಕ್ಕಿನ ಹಿಡಿಕೆಗಳು ಗೋಡೆಯಿಂದ ಎದ್ದು ನಿಂತಿರುತ್ತವೆ, ದೂರದಿಂದಲೇ ಕೈ ಬೀಸಿ ಕರೆಯುತ್ತವೆ. ಕಣ್ಣು ಮೇಲಕ್ಕೇ ನೆಟ್ಟು ಹೋಗುತ್ತದೆ. ಕಾಲು ಹಿಂದಿನಿಂದ ಹೇಗೋ ಬಂದು ಸೇರಿಕೊಳ್ಳುತ್ತದೆ. ತೋಳಿನ ಕಸುವು ಇದ್ದವರು ಮೊದಲ ದಿನವೇ ತುದಿ ಮುಟ್ಟುತ್ತಾರೆ, ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ, ಆ ಚಪ್ಪಾಳೆಯ ಜೊತೆಗೆ ತಪ್ಪು ಅಭ್ಯಾಸವೂ ಗಟ್ಟಿಯಾಗುತ್ತದೆ.

ನಮ್ಮ ಸೀಮೆಯ ಕಲ್ಲಿಗೆ ಈ ಅಭ್ಯಾಸ ಹೊಂದುವುದಿಲ್ಲ. ರಾಮನಗರಕ್ಕೆ ಹಿಂದೆ ಕ್ಲೋಸ್‌ಪೇಟೆ ಎಂಬ ಹೆಸರಿತ್ತು. ಅಲ್ಲಿಂದ ಉತ್ತರಕ್ಕೆ ಬಳ್ಳಾರಿಯ ಕಡೆಗೆ ಉದ್ದಕ್ಕೂ ಚಾಚಿರುವ ಗ್ರಾನೈಟ್ ಪಟ್ಟಿಯನ್ನು ಭೂವಿಜ್ಞಾನಿಗಳು ಇಂದಿಗೂ ಕ್ಲೋಸ್‌ಪೇಟೆ ಗ್ರಾನೈಟ್ ಎಂದೇ ಕರೆಯುತ್ತಾರೆ. ವಯಸ್ಸು ಸುಮಾರು 250 ಕೋಟಿ ವರ್ಷ. ಇಂಥ ಬಂಡೆಗಳು ಬಿಸಿಲು ಮಳೆಗೆ ಈರುಳ್ಳಿಯ ಹಾಗೆ ಪದರ ಪದರವಾಗಿ ಸುಲಿದು ನುಣುಪಾದ ಗುಡ್ಡಗಳಾಗುತ್ತವೆ. ಸಾವನದುರ್ಗವನ್ನು ನೋಡಿ: 1,226 ಮೀಟರ್ ಎತ್ತರದ ಆ ಬೆಟ್ಟದ ಮೈಯಲ್ಲಿ ಹಿಡಿಯಲು ಏನಿದೆ? ಅಲ್ಲಿ ಹತ್ತುವವರು ‘ಬೆಳದಿಂಗಳು’, ‘ದೀಪಾವಳಿ’ ಎಂದು ಕನ್ನಡದ ಹೆಸರಿಟ್ಟು ಕರೆಯುವ ದಾರಿಗಳಿವೆ. ಹಗ್ಗದ ಮೇಲೆ ಹಗ್ಗದ ದೂರ ಕಾಲಿನ ಮೇಲೆ ನಿಂತೇ ಸಾಗಬೇಕು, ಕೈಗೆ ಅಂಗೈ ಊರುವುದಕ್ಕಿಂತ ದೊಡ್ಡ ಕೆಲಸ ಸಿಗುವುದು ಅಪರೂಪ. ಬಾದಾಮಿಯ ಮಾತು ಬೇರೆ. ಅಲ್ಲಿನದು ಮರಳುಗಲ್ಲು, ಅಡ್ಡಡ್ಡಕ್ಕೆ ಸೀಳಿದ ಅಂಚುಗಳು ಬೆರಳಿಗೆ ಸಿಗುತ್ತವೆ, ಗೋಡೆ ನೆಟ್ಟಗೆ ನಿಂತಿರುತ್ತದೆ. ಯಶವಂತಪುರದಲ್ಲಿ ರಾತ್ರಿ ರೈಲು ಹತ್ತಿ ಬಾದಾಮಿಗೆ ಹೋದವರಿಗೆ ಜಿಮ್ಮಿನ ಪಾಠ ನಿಜಕ್ಕೂ ಉಪಯೋಗಕ್ಕೆ ಬರುತ್ತದೆ. ಆದರೆ ಉತ್ತರ ಬೆಂಗಳೂರಿನವರ ಮನೆಯಂಗಳದ ಕಲ್ಲು ಬಾದಾಮಿಯದಲ್ಲ.

ಕನ್ನಡದಲ್ಲಿ ಬಿಡದ ಹಿಡಿತಕ್ಕೆ ‘ಉಡದ ಪಟ್ಟು’ ಎನ್ನುತ್ತೇವೆ, ಅದನ್ನು ಮೆಚ್ಚುಗೆಯ ಮಾತಾಗಿಯೇ ಆಡುತ್ತೇವೆ. ಬಂಡೆ ಹತ್ತುವುದು ಎಂದರೆ ನಮ್ಮ ಮನಸ್ಸಿಗೆ ಮೊದಲು ಬರುವ ಚಿತ್ರವೂ ಅದೇ, ಚಿತ್ರದುರ್ಗದ ಕೋಟೆಯನ್ನು ಹಗ್ಗವಿಲ್ಲದೆ ಹತ್ತುವ ಜ್ಯೋತಿರಾಜ್. ‘ಕೋತಿರಾಜ’ ಎಂದು ನಾಡೇ ಕರೆದ ಆ ಸಾಹಸಿಯ ಬಗ್ಗೆ ನನಗೆ ಅಪಾರ ಗೌರವ ಇದೆ. ಆದರೆ ನಾವು ನೋಡುವುದು ಅವರ ಕೈಯನ್ನು ಮಾತ್ರ. ವಿಡಿಯೊ ನಿಲ್ಲಿಸಿ ನಿಲ್ಲಿಸಿ ಕಾಲನ್ನು ನೋಡಿ. ಕೋಟೆಯ ಕಲ್ಲು ಕಲ್ಲಿನ ನಡುವಿನ ಸಂದಿಗೆ ಕಾಲ್ಬೆರಳು ಹೋಗಿ ಕೂತ ಮೇಲೆ ಮೈ ಮೇಲಕ್ಕೆ ಏಳುತ್ತದೆ. ಹೊಸಬರು ಅವರಿಂದ ಕಲಿಯಬೇಕಾದ್ದು ಹಗ್ಗ ಬಿಡುವುದನ್ನಲ್ಲ, ಆ ಕಾಲಿನ ಕೆಲಸವನ್ನು.

ಉಡದ ಪಟ್ಟಿಗೆ ಇನ್ನೊಂದು ಬೆಲೆ ತೆರಬೇಕು. ಗೋಡೆ ಹತ್ತಲು ಶುರು ಮಾಡಿದವರ ಸ್ನಾಯು ಕೆಲವೇ ವಾರಗಳಲ್ಲಿ ಬಲಿಯುತ್ತದೆ. ಬೆರಳಿನೊಳಗಿನ ಸ್ನಾಯುರಜ್ಜು, ಅದನ್ನು ಮೂಳೆಗೆ ಹಿಡಿದಿಟ್ಟಿರುವ ಸಣ್ಣ ಪಟ್ಟಿಗಳು ಅಷ್ಟು ಬೇಗ ಬಲಿಯುವುದಿಲ್ಲ. ತೋಳು ‘ಆಗುತ್ತದೆ’ ಎನ್ನುತ್ತದೆ, ಬೆರಳು ‘ಪಟ್’ ಎನ್ನುತ್ತದೆ. ಮೂರನೇ ತಿಂಗಳಲ್ಲಿ ನನ್ನ ಉಂಗುರ ಬೆರಳು ಊದಿ, ದೋಸೆ ಹೆಂಚಿನ ಹಿಡಿ ಹಿಡಿಯಲೂ ಆಗದೆ ಹದಿನೈದು ದಿನ ಕಳೆದೆ. ತೋಳು ಮಡಚಿ ನೇತಾಡುವುದನ್ನು ಬಿಟ್ಟು ತೋಳನ್ನು ನೀಳವಾಗಿ ಬಿಟ್ಟು, ಏಳುವ ಕೆಲಸವನ್ನು ತೊಡೆಗೆ ವಹಿಸು ಎಂದು ಮೊದಲ ವಾರವೇ ಯಾರಾದರೂ ತಿದ್ದಬೇಕಿತ್ತು.

ಕಾಲಿನ ಮಾತು ಇಷ್ಟು ಒತ್ತಿ ಹೇಳುವಾಗ ಬೆಂಗಳೂರಿನವರೇ ಆದ ಮಣಿಕಂಠನ್ ಕುಮಾರ್ ನೆನಪಾಗುತ್ತಾರೆ. ಪೋಲಿಯೊದಿಂದ ಒಂದು ಕಾಲಿನ ಬಲ ಹೋದ ಅವರು ಅಂತರರಾಷ್ಟ್ರೀಯ ಪ್ಯಾರಾ ಕ್ಲೈಂಬಿಂಗ್‌ನಲ್ಲಿ ದೇಶಕ್ಕೆ ಪದಕ ತಂದವರು. ಹಾಗಾದರೆ ಕಾಲೇ ಮೊದಲು ಎಂಬ ನನ್ನ ಮಾತು ಸುಳ್ಳೇ? ಪಾಠ ಪಾದದ್ದಲ್ಲ, ಭಾರದ್ದು ಎಂದು ಅವರನ್ನು ನೆನೆದಾಗ ನನ್ನ ಮಾತನ್ನು ತಿದ್ದಿಕೊಳ್ಳುತ್ತೇನೆ. ತನ್ನ ಮೈಯ ತೂಕ ಈ ಕ್ಷಣ ಎಲ್ಲಿದೆ, ಮುಂದೆ ಎಲ್ಲಿಗೆ ಹೋಗಬೇಕು ಎಂದು ತಿಳಿದವರು ಯಾವ ದೇಹದಿಂದಲಾದರೂ ಹತ್ತುತ್ತಾರೆ. ಎರಡು ಗಟ್ಟಿ ಕಾಲಿರುವ ನಾವು ಅದನ್ನು ಕಲಿಯದೆ ತೋಳಿನಿಂದ ಎಳೆದಾಡುತ್ತೇವೆ.

ಇನ್ನು ಬೀಳುವ ವಿಷಯ. ‘ಜಟ್ಟಿ ಜಾರಿ ಬಿದ್ದರೆ ಅದೂ ಒಂದು ವರಸೆ’ ಎಂದು ಗಾದೆಯಲ್ಲಿ ನಗುತ್ತೇವೆ, ಗರಡಿ ಮನೆಯವರಿಗೆ ಅದು ನಗುವ ಮಾತಲ್ಲ. ಕೆಮ್ಮಣ್ಣಿನ ಅಖಾಡದಲ್ಲಿ ಬೀಳುವುದನ್ನು ಕಲಿತವನೇ ಪಟ್ಟು ಕಲಿಯಲು ಉಳಿದುಕೊಳ್ಳುತ್ತಾನೆ. ಹಗ್ಗವಿಲ್ಲದೆ ಗಿಡ್ಡ ಗೋಡೆ ಹತ್ತುವ ಬೌಲ್ಡರಿಂಗ್‌ನಲ್ಲಿ ಪ್ರತಿ ಸೋಲೂ ನೆಲಕ್ಕೇ ಬೀಳುವುದು. ಎರಡೂ ಪಾದ ಒಟ್ಟಿಗೆ ಊರಿ, ಮಂಡಿ ಮಡಚಿ, ಹಿಂದಕ್ಕೆ ಉರುಳಿ, ಕೈಗಳನ್ನು ಎದೆಗೆ ಕಟ್ಟಿಕೊಳ್ಳಬೇಕು. ಕೈಯನ್ನು ಹಿಂದಕ್ಕೆ ಊರಿದರೆ ಮಣಿಕಟ್ಟು ಮುರಿಯುತ್ತದೆ. ಇದನ್ನು ಬಾಯಲ್ಲಿ ಒಮ್ಮೆ ಹೇಳಿ ಮುಗಿಸುತ್ತಾರೆ. ಹೇಳಿದರೆ ಸಾಲದು. ಮೊಣಕಾಲೆತ್ತರದಿಂದ ಹತ್ತು ಸಲ, ಸೊಂಟದೆತ್ತರದಿಂದ ಹತ್ತು ಸಲ ಬೀಳಿಸಿ ನೋಡಿದ ಮೇಲೆಯೇ ಮೇಲೆ ಬಿಡಬೇಕು. ಬೀಳಲು ಬರುವವರಿಗೆ ಮಾತ್ರ ನಿರಾಳವಾಗಿ ಹತ್ತಲು ಬರುತ್ತದೆ; ಉಳಿದವರ ಅರ್ಧ ಶಕ್ತಿ ಹೆದರಿಕೆಗೇ ಖರ್ಚಾಗುತ್ತದೆ.

ಹಗ್ಗದ ಪಾಠ ಇದಕ್ಕಿಂತಲೂ ಗಂಭೀರ. ಅಲ್ಲಿ ನಾನು ಕಂಡ ಕೊರತೆಯನ್ನು ಮರೆಯಲು ಆಗಿಲ್ಲ.

ಒಂದು ಭಾನುವಾರ ಬೇರೊಂದು ಬೆಟ್ಟಕ್ಕೆ ಅರ್ಧ ದಿನದ ಶಿಬಿರಕ್ಕೆ ಹೋಗಿದ್ದೆ. ಇಪ್ಪತ್ತಕ್ಕಿಂತ ಹೆಚ್ಚು ಜನ, ಎರಡೇ ಹಗ್ಗ. ಹಾರ್ನೆಸ್ ತೊಡಿಸಿದರು, ಹೆಲ್ಮೆಟ್ ಕೊಟ್ಟರು, ಒಬ್ಬೊಬ್ಬರನ್ನೇ ಮೇಲಕ್ಕೆ ಕಳಿಸಿ, ಮುಟ್ಟಿಸಿ, ಫೋಟೊ ತೆಗೆದು ಇಳಿಸಿದರು. ನಾನು ಎರಡಾಳೆತ್ತರದಲ್ಲಿ ನಿಂತು ಕೆಳಗೆ ನೋಡಿದಾಗ ನನ್ನ ಹಗ್ಗ ಹಿಡಿದಿದ್ದ ಹುಡುಗನ ಒಂದು ಕೈಯಲ್ಲಿ ಮೊಬೈಲ್ ಇತ್ತು. ಇನ್ನೊಂದು ಕೈ ಹಗ್ಗದ ಮೇಲ್ಭಾಗದಲ್ಲಿತ್ತು, ಅಂದರೆ ಬೀಳುವವರನ್ನು ತಡೆಯಬೇಕಾದ ತುದಿಯನ್ನು ಯಾರೂ ಹಿಡಿದಿರಲಿಲ್ಲ. ನಾನು ಬೀಳಲಿಲ್ಲ. ಅಂದು ಯಾರೂ ಬೀಳಲಿಲ್ಲ. ಎಲ್ಲರೂ ಖುಷಿಯಾಗಿ ಚಿತ್ರಾನ್ನ ತಿಂದು ಮನೆಗೆ ಬಂದರು. ಏನೂ ಆಗಲಿಲ್ಲ ಎಂಬುದನ್ನೇ ಸುರಕ್ಷತೆ ಎಂದು ಎಣಿಸುವುದು ಅಲ್ಲಿಂದಲೇ ಶುರುವಾಗುತ್ತದೆ. ಆ ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ಬೆಳಗ್ಗೆ ಆರರಿಂದ ಬಿಸಿಲಲ್ಲಿ ನಿಂತು ಇಪ್ಪತ್ತು ಜನರನ್ನು ಇಳಿಸಿದ್ದ. ಸಿಟ್ಟು ಇರುವುದು, ಎಷ್ಟು ಜನ ತುದಿ ಮುಟ್ಟಿದರು ಎಂಬುದೊಂದೇ ಲೆಕ್ಕವಾಗಿರುವ ಆ ಏರ್ಪಾಡಿನ ಮೇಲೆ. ಕೆಳಗೆ ಸಾಲುಗಟ್ಟಿ ಕಾಯುತ್ತಿದ್ದ ಅಷ್ಟೂ ಜನರಿಗೆ ಆ ಹೊತ್ತಿನಲ್ಲಿ ಹಗ್ಗ ಹಿಡಿಯುವುದನ್ನು ಕಲಿಸಬಹುದಿತ್ತು.

ಬಿಲೇ ಎನ್ನುವ ಈ ಕೆಲಸದ ಮುಖ್ಯ ನಿಯಮ ಒಂದೇ: ಬ್ರೇಕ್ ಹಿಡಿದ ಕೈ ಹಗ್ಗ ಬಿಡಬಾರದು. ಹಗ್ಗ ತಡೆಯುವ ಸಾಧನ ಸರಳವಾದ ಎಟಿಸಿ ಇರಲಿ, 1991ರಲ್ಲಿ ಬಂದ, ಹಗ್ಗವನ್ನು ತಾನೇ ಕಚ್ಚಿ ಹಿಡಿಯಲು ನೆರವಾಗುವ ಗ್ರಿಗ್ರಿ ಇರಲಿ, ನಿಯಮ ಬದಲಾಗುವುದಿಲ್ಲ. ಹಗ್ಗ ಹಿಗ್ಗುತ್ತದೆ ಎಂಬುದನ್ನೂ ಮೊದಲ ದಿನವೇ ಹೇಳಬೇಕು. ಹತ್ತು ಮೀಟರ್ ಗೋಡೆಯ ತುದಿಯಿಂದ ಇಳಿಬಿಟ್ಟ ಹಗ್ಗ, ಹತ್ತುವವರು ನೆಲದ ಬಳಿ ಇರುವಾಗ, ಏರಿ ಇಳಿದು ಹತ್ತಿರ ಹತ್ತಿರ 20 ಮೀಟರ್ ಉದ್ದ ಇರುತ್ತದೆ. ನೂರಕ್ಕೆ 8ರಷ್ಟು ಹಿಗ್ಗಿದರೂ ಒಂದೂವರೆ ಮೀಟರಿಗೂ ಹೆಚ್ಚಾಯಿತು. ಎದೆಯೆತ್ತರದಲ್ಲಿ ಜಾರಿದವರು, ಹಗ್ಗ ಕಟ್ಟಿಕೊಂಡೇ ನೆಲ ಮುಟ್ಟಬಹುದು. ಅದಕ್ಕೇ ಶುರುವಿನಲ್ಲಿ ಹಗ್ಗ ಬಿಗಿಯಾಗಿ ಇರಬೇಕು. ಇಷ್ಟು ಲೆಕ್ಕ ಹೈಸ್ಕೂಲಿನ ಮಕ್ಕಳಿಗೂ ಬರುತ್ತದೆ.

ಭಾಷೆಯ ತೊಡಕೂ ಇದೆ, ನಾನು ಬೇರೆ ಯಾರೂ ಇದರ ಬಗ್ಗೆ ಮಾತಾಡಿದ್ದು ಕೇಳಿಲ್ಲ. ಇಂಗ್ಲಿಷಿನ ಸೂಚನೆಗಳನ್ನು ಉರು ಹೊಡೆದವರು ಕೂಡ ಭಯ ಬಿದ್ದಾಗ ಮನೆಮಾತಿಗೆ ಹೊರಳುತ್ತಾರೆ. ಒಮ್ಮೆ ಮೇಲಿದ್ದವಳು ಸ್ವಲ್ಪ ಸಡಿಲ ಬೇಕಾಗಿ “ಹಗ್ಗ ಬಿಡು, ಹಗ್ಗ ಬಿಡು” ಎಂದು ಕೂಗಿದಳು. ಕೆಳಗಿದ್ದವನು ಪುಣ್ಯಕ್ಕೆ ಅನುಭವಿ. ಹೊಸಬನಾಗಿದ್ದರೆ? ಕನ್ನಡದ ‘ಬಿಡು’ ಒಂದೇ ಮಾತಿನಲ್ಲಿ ಸಡಿಲಿಸುವುದೂ ಇದೆ, ಕೈಬಿಡುವುದೂ ಇದೆ. ಅಂದಿನಿಂದ ನಮ್ಮ ಗುಂಪಿನಲ್ಲಿ ಮೂರೇ ಮಾತು ಇಟ್ಟುಕೊಂಡಿದ್ದೇವೆ: ‘ಸಡಿಲ’, ‘ಬಿಗಿ’, ‘ಇಳಿಸು’. ಮೂರೂ ಗಾಳಿಯಲ್ಲಿ ಬೇರೆ ಬೇರೆಯಾಗಿ ಕೇಳುತ್ತವೆ. ಕನ್ನಡದಲ್ಲಿ ಕಲಿಸುವವರು ಇದನ್ನು ಪರೀಕ್ಷಿಸಿ ನೋಡಲಿ, ಇನ್ನೂ ಒಳ್ಳೆಯ ಪದ ಇದ್ದರೆ ಹೇಳಲಿ.

ನಗರದಲ್ಲಿ ಹಗ್ಗದ ಶಿಸ್ತು ಚೆನ್ನಾಗಿ ಉಳಿದಿರುವ ಜಾಗವೆಂದರೆ ನನ್ನ ಮಟ್ಟಿಗೆ ಶ್ರೀ ಕಂಠೀರವ ಕ್ರೀಡಾಂಗಣದ ಬಯಲು ಗೋಡೆ. ಬೆಂಗಳೂರಿನ ಹಲವು ತಲೆಮಾರಿನ ಶಿಲಾರೋಹಿಗಳು ಅಲ್ಲಿ ಬೆರಳು ಸವೆಸಿದ್ದಾರೆ. ಅಲ್ಲಿ ಹೋದರೆ ಹತ್ತುವುದಕ್ಕಿಂತ ಕಾಯುವುದೇ ಹೆಚ್ಚು, ಕಾಯುವಾಗ ಬೇರೆಯವರ ಹಗ್ಗ ಹಿಡಿಯಬೇಕು, ಹಿಡಿಯುವಾಗ ಹಳಬರೊಬ್ಬರು ಪಕ್ಕದಲ್ಲಿ ನಿಂತು ಕೈ ನೋಡುತ್ತಾರೆ. ಆ ಕಾಯುವಿಕೆಯೇ ಶಾಲೆ. ಸರ್ಕಾರದ ಜನರಲ್ ತಿಮ್ಮಯ್ಯ ರಾಷ್ಟ್ರೀಯ ಸಾಹಸ ಅಕಾಡೆಮಿಯ ಶಿಬಿರಗಳ ಗುಣವೂ ಇದೇ, ದಿನಗಟ್ಟಲೆ ಗಂಟು, ಹಗ್ಗ, ಇಳಿಯುವಿಕೆ ಎಂದು ತಾಳ್ಮೆಯಿಂದ ಕಲಿಸುವ ಹಳೆಯ ಕ್ರಮ. ಯಲಹಂಕದ ಶಾಲಾ ಮಕ್ಕಳಿಗೆ ಕಂಠೀರವ ದೂರ ಎಂಬುದು ನಿಜವಾದ ತೊಂದರೆ. ಉತ್ತರ ಭಾಗದಲ್ಲೂ ಅಂಥದ್ದೊಂದು ಸಾರ್ವಜನಿಕ ಗೋಡೆ ಬರಬೇಕು ಎಂದು ಕೇಳುವ ಹಕ್ಕು ನಮಗಿದೆ.

ಬೆಟ್ಟಕ್ಕೆ ಹೋದ ಮೇಲೆ ಬೆಟ್ಟದವರ ಮಾತು ಕೇಳಬೇಕು. ಬಂಡೆಯ ಮೇಲ್ಚಾಚಿನಲ್ಲಿ ಹೆಜ್ಜೇನು ಕಟ್ಟಿದ್ದರೆ ಆ ದಿನ ಹಗ್ಗ ಬಿಚ್ಚದೆ ವಾಪಸ್ ಬರಬೇಕು, ಇದರಲ್ಲಿ ಚೌಕಾಸಿ ಇಲ್ಲ. ರಾಮದೇವರ ಬೆಟ್ಟದಲ್ಲಿ ಉದ್ದ ಕೊಕ್ಕಿನ ರಣಹದ್ದುಗಳು ಗೂಡು ಕಟ್ಟುತ್ತವೆ. 2012ರಲ್ಲಿ ಅದು ರಣಹದ್ದುಗಳ ಧಾಮವಾಯಿತು, ಆ ಗೋಡೆ ಅವಕ್ಕೇ ಸೇರಿದ್ದು. ಫೆಬ್ರುವರಿ ಕಳೆದ ಮೇಲೆ ಬೆಳಗ್ಗೆ ಒಂಬತ್ತೂವರೆಗೆಲ್ಲ ಕಲ್ಲು ಕಾದು ರಬ್ಬರ್ ಮೆತ್ತಗಾಗುತ್ತದೆ, ಅಂಗೈ ಬೆವರುತ್ತದೆ, ಹಿಡಿತ ಹೋಗುತ್ತದೆ. ದೇವನಹಳ್ಳಿಯ ಕಡೆ ಕೊಯಿರಾ ಕಲ್ಲು ಒಡೆದು ಬದುಕಿದವರ ಊರುಗಳಿವೆ. ಅಲ್ಲಿ ಸುತ್ತಿಗೆ ಬದುಕಿನವರೊಬ್ಬರು ನನಗೆ ಬಂಡೆಯ ಚಕ್ಕೆಯನ್ನು ಗೆಣ್ಣಿನಿಂದ ತಟ್ಟಿ ಕೇಳಿಸಿದರು. ಗಟ್ಟಿ ಕಲ್ಲು ಮೊಟಕಾಗಿ ಉತ್ತರಿಸುತ್ತದೆ, ಬಿಟ್ಟುಕೊಂಡ ಚಕ್ಕೆ ಖಾಲಿ ಬಿಂದಿಗೆಯ ಹಾಗೆ. ಹಗ್ಗ ಕಟ್ಟುವ ಮುಂಚೆ, ತೂಕ ಹಾಕುವ ಮುಂಚೆ ಈಗ ನಾನು ತಟ್ಟಿ ನೋಡುತ್ತೇನೆ. ಯಾವ ಜಿಮ್ಮಿನಲ್ಲೂ ಈ ಸದ್ದು ಕೇಳಿರಲಿಲ್ಲ.

ನನ್ನ ಕೈಯಲ್ಲಿ ಇದ್ದಿದ್ದರೆ ಹೊಸಬರ ಮೊದಲ ದಿನ ಹೀಗಿರುತ್ತಿತ್ತು: ಬುಡದ ಹಾಸುಬಂಡೆಯ ಮೇಲೆ, ತಲೆಯೆತ್ತರವನ್ನೂ ಮೀರದೆ, ಎರಡೂ ಕೈ ಬೆನ್ನ ಹಿಂದೆ ಕಟ್ಟಿ, ಒಂದು ಗಂಟೆ ಅಡ್ಡಡ್ಡಕ್ಕೆ ನಡೆಯುವುದು. ಆಮೇಲೆ ಗಂಟು. ಆಮೇಲೆ ಇನ್ನೊಬ್ಬರ ಹಗ್ಗ. ತುದಿ ಎರಡನೇ ಭಾನುವಾರಕ್ಕೆ.

ತಂಗಿಯ ಮಗಳು ಈ ವರ್ಷ ಪಿಯುಸಿ. ಆರ್.ಟಿ. ನಗರದ ಅವರ ಮನೆಯ ಹಿಂದುಗಡೆ ಬಟ್ಟೆ ಒಣಹಾಕುವ ಹಗ್ಗ ಬಿಚ್ಚಿಕೊಂಡು ಕಿಟಕಿಯ ಸರಳಿಗೆ ಫಿಗರ್ ಎಯ್ಟ್ ಗಂಟು ಕಟ್ಟಿ ಕಟ್ಟಿ ಬಿಚ್ಚುತ್ತಾಳೆ. ಅದು ನಮ್ಮ ೮ ಅಲ್ಲ, ಇಂಗ್ಲಿಷಿನ 8. ಎರಡು ಹೊಟ್ಟೆ, ನಡುವೆ ಒಂದು ಸೊಂಟ. ಮೊದಲು ಒಂದು 8 ಹಾಕಿ, ಹಗ್ಗದ ತುದಿಯನ್ನು ಹಾರ್ನೆಸ್ಸಿನೊಳಗೆ ತೂರಿಸಿ, ಬಂದ ದಾರಿಯಲ್ಲೇ ಹಿಂದಕ್ಕೆ ನಡೆಸಬೇಕು. ಎರಡೂ ಎಳೆ ಎಲ್ಲೂ ಒಂದನ್ನೊಂದು ದಾಟದೆ ಜೋಡೆತ್ತಿನ ಹಾಗೆ ಪಕ್ಕಪಕ್ಕ ಹೋಗಬೇಕು, ತುದಿಯಲ್ಲಿ ಒಂದು ಗೇಣಿನ ಬಾಲ ಉಳಿಯಬೇಕು. ಮೊನ್ನೆ ಕಟ್ಟಿ, “ದೊಡ್ಡಮ್ಮ, ನೋಡಿ” ಎಂದಳು. ಎಳೆಗಳು ಚೆನ್ನಾಗಿ ಕೂತಿದ್ದವು. ಬಾಲ ಎರಡು ಬೆರಳಿನಷ್ಟೇ ಇತ್ತು. ನಾನು ಏನೂ ಹೇಳದೆ ನನ್ನ ಗೇಣನ್ನು ಅದರ ಪಕ್ಕ ಇಟ್ಟೆ. ಅವಳು ಒಮ್ಮೆ ನೋಡಿದಳು, ಪೂರ್ತಿ ಬಿಚ್ಚಿದಳು, ಮೊದಲಿನಿಂದ ಶುರು ಮಾಡಿದಳು.